ಎರಡು ಲೆಕ್ಕಗಳು ಒಂದೇ ಎಂದು ಹೇಳುವ ಮೊದಲು



ಈ ಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಉಪಾಧ್ಯಾಯಿನಿಯರು ಕೇಳಿದಾಗ, ಶಾಲೆಯ ಏಳಿಗೆಯನ್ನೂ ಪರೀಕ್ಷೆಗಳ ಫಲಿತಾಂಶವನ್ನೂ ಕುರಿತು ನಾಲ್ಕು ಮಾತು ಬರೆದು ಮುಗಿಸುವುದು ನನಗೆ ಸುಲಭವಾಗಿದ್ದಿತು. ಆದರೆ ಅವೆಲ್ಲವೂ ವರ್ಷದ ವರದಿಯಲ್ಲಿ ಬಂದೇ ಬರುವುವು. ಆದುದರಿಂದ ವರದಿಯಲ್ಲಿ ಸ್ಥಳ ದೊರೆಯದ ಒಂದು ಸಂಗತಿಯನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ. ಇಬ್ಬರು ಬಾಲಿಕೆಯರು ಬರೆದ ಎರಡು ಲೆಕ್ಕಗಳು ಒಂದೇ ಎಂದು ನಾನು ಒಮ್ಮೆ ತೀರ್ಪು ಕೊಟ್ಟೆನು. ಅವು ಒಂದೇ ಆಗಿರಲಿಲ್ಲ. ಎರಡು ಲೆಕ್ಕಗಳನ್ನು ಒಂದೇ ಎಂದು ಯಾವಾಗ ಹೇಳಬಹುದು ಎಂಬ ಪ್ರಶ್ನೆಯನ್ನು ನಾನು ಸರಿಯಾಗಿ ಕೇಳಿಕೊಂಡದ್ದು ಆ ತಪ್ಪಿನ ತರುವಾಯ.

ಕೆಲವು ವರ್ಷಗಳ ಕೆಳಗೆ ನಮ್ಮ ಶಾಲೆಯ ವಸ್ತುಪ್ರದರ್ಶನದಲ್ಲಿ ಗಣಕಯಂತ್ರದ ತರಗತಿಯ ಮಕ್ಕಳಿಗೆಂದು ಒಂದು ಮೇಜನ್ನು ಬಿಟ್ಟುಕೊಟ್ಟಿದ್ದೆವು. ನೋಡಬಂದವರು ತಮ್ಮ ಹುಟ್ಟಿದ ತಾರೀಖನ್ನು ಹೇಳಬೇಕು. ಅದು ಯಾವ ವಾರವೆಂಬುದನ್ನು ಯಂತ್ರವು ತಿಳಿಸಬೇಕು. ಒಂಬತ್ತನೆಯ ತರಗತಿಯ ಇಬ್ಬರು ಬಾಲಿಕೆಯರು ಬೇರೆ ಬೇರೆಯಾಗಿ ಈ ಲೆಕ್ಕವನ್ನು ಪೈಥಾನ್ ಭಾಷೆಯಲ್ಲಿ ಬರೆದು ತಂದರು. ಉತ್ತಮವಾದುದನ್ನು ಮೇಜಿನ ಮೇಲಿಡುವುದೆಂದೂ, ಬರೆದವಳಿಗೆ ಒಂದು ಪುಸ್ತಕವನ್ನು ಬಹುಮಾನವಾಗಿ ಕೊಡುವುದೆಂದೂ ಗೊತ್ತುಮಾಡಿದ್ದೆವು. ತೀರ್ಪುಗಾರಳು ನಾನೇ.

ಇಂತಹ ಲೆಕ್ಕವನ್ನು ಗಣಕಯಂತ್ರದವರು ‘ಫಂಕ್ಷನ್’ ಎಂದು ಕರೆಯುವರು. ಅದನ್ನು ಹಿಟ್ಟಿನ ಗಿರಣಿಯಂತೆ ಭಾವಿಸಬಹುದು. ಮೇಲಿನಿಂದ ಧಾನ್ಯವನ್ನು ಹಾಕಿದರೆ ಕೆಳಗೆ ಹಿಟ್ಟು ಬೀಳುವ ಹಾಗೆ, ಒಂದು ತಾರೀಖನ್ನು ಕೊಟ್ಟರೆ ಒಂದು ವಾರದ ಹೆಸರು ಹೊರಬೀಳುವುದು. ಇಬ್ಬರು ಬಾಲಿಕೆಯರೂ 2000ನೆಯ ಇಸವಿ ಜನವರಿ 1 ಶನಿವಾರವಾಗಿದ್ದಿತೆಂಬುದನ್ನು ಆಧಾರವಾಗಿ ಹಿಡಿದು, ಅಲ್ಲಿಂದ ಹಿಂದಕ್ಕೋ ಮುಂದಕ್ಕೋ ದಿನಗಳನ್ನೆಣಿಸಿ, ಏಳರಿಂದ ಭಾಗಿಸಿ, ಶೇಷದಿಂದ ವಾರವನ್ನು ಕಂಡುಕೊಂಡಿದ್ದರು. ಮೊದಲನೆಯವಳ ಲೆಕ್ಕವು ಚಿಕ್ಕದಾಗಿಯೂ ಅಚ್ಚುಕಟ್ಟಾಗಿಯೂ ಇದ್ದಿತು. ಎರಡನೆಯವಳು ಭದ್ರಾವತಿಯಿಂದ ನಿತ್ಯವೂ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಮಾತು ಕಡಿಮೆ. ಅವಳ ಲೆಕ್ಕದಲ್ಲಿ ಅಧಿಕ ವರ್ಷವನ್ನು ಗುರುತಿಸುವೆಡೆಯಲ್ಲಿ ಮೂರು ಸಾಲು ಹೆಚ್ಚಾಗಿದ್ದುವು.

ನಾನು ಪರೀಕ್ಷಿಸಿದ ಬಗೆ ಹೀಗೆ: ಶಾಲೆಯ ದಾಖಲಾತಿ ಪುಸ್ತಕವನ್ನು ತರಿಸಿ, ಅದರಲ್ಲಿದ್ದ ಎಲ್ಲ ಮಕ್ಕಳ ಹುಟ್ಟಿದ ತಾರೀಖುಗಳನ್ನೂ, ನಮ್ಮ ಉಪಾಧ್ಯಾಯಿನಿಯರ ತಾರೀಖುಗಳನ್ನೂ ಎರಡು ಲೆಕ್ಕಗಳಿಗೂ ಕೊಡಿಸಿದೆನು. ಒಂದು ಕಡೆಯಾದರೂ ಉತ್ತರ ಬೇರೆಯಾಗಲಿಲ್ಲ. ನನಗೆ ಅಷ್ಟೇ ಸಾಕಾಯಿತು. “ಎರಡೂ ಒಂದೇ, ಆದುದರಿಂದ ಚಿಕ್ಕದೇ ಮೇಲು” ಎಂದು ತರಗತಿಯ ಮುಂದೆ ಹೇಳಿಬಿಟ್ಟೆನು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿದ್ದಿತು. ಎರಡನೆಯವಳ ಕಡೆಗೆ ತಿರುಗಿ, “ಬಾರದ ಮಳೆಗೆ ಕೊಡೆ ಹಿಡಿದುಕೊಂಡು ಬಂದಿದ್ದೀಯಲ್ಲ, ಮಗೂ” ಎಂದು ನಗೆಯಾಡಿದೆನು. ಮಕ್ಕಳೆಲ್ಲರೂ ನಕ್ಕರು. ಆ ಹುಡುಗಿ ಎದ್ದು ನಿಂತು, “ಮಿಸ್, ಎರಡೂ ಒಂದೇ ಅಲ್ಲ ಮಿಸ್” ಎಂದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಹೇಗೆ ಒಂದೇ ಅಲ್ಲವೆಂದು ನಾನು ಕೇಳಲಿಲ್ಲ. ಮರುದಿನದಿಂದ ಅವಳು ಸಾಯಂಕಾಲ ಗಣಕಯಂತ್ರದ ಕೊಠಡಿಗೆ ಬರುವುದನ್ನು ನಿಲ್ಲಿಸಿದಳು. ಅದನ್ನೂ ನಾನು ಗಮನಿಸಲಿಲ್ಲ.

ಪ್ರದರ್ಶನದ ದಿನ ಮೇಜಿನ ಸುತ್ತ ಜನವೋ ಜನ. ಮಧ್ಯಾಹ್ನದ ಹೊತ್ತಿಗೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು, ಎಪ್ಪತ್ತರ ಸಮೀಪದವರು, ತಮ್ಮ ಮನೆತನದ ಹಳೆಯ ಬೈಬಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಅದರ ಮೊದಲ ಬಿಳಿಯ ಹಾಳೆಯಲ್ಲಿ ಮನೆಯ ಜನನ, ವಿವಾಹ, ಮರಣಗಳನ್ನೆಲ್ಲ ಬರೆದಿಟ್ಟಿದ್ದರು. ಅವರ ಅಜ್ಜಿಯವರ ಜನನದ ಎದುರಿಗೆ, ಅಜ್ಜಿಯವರ ತಂದೆಯ ಕೈಬರಹದಲ್ಲಿ, “1900ನೆಯ ಇಸವಿ ಫೆಬ್ರವರಿ 14, ಬುಧವಾರ” ಎಂದು ಇದ್ದಿತು. ಬಾಲಿಕೆಯು ತಾರೀಖನ್ನು ಯಂತ್ರಕ್ಕೆ ಕೊಟ್ಟಳು. ಯಂತ್ರವು ‘ಮಂಗಳವಾರ’ ಎಂದಿತು.

ಆ ತಾಯಿಯವರ ಮುಖವು ಸ್ವಲ್ಪ ಬಾಡಿತು. “ನಮ್ಮ ಮುತ್ತಜ್ಜನವರೇ ತಪ್ಪಾಗಿ ಬರೆದಿರಬೇಕು, ಬಿಡಿ ಮೇಡಂ. ಯಂತ್ರ ಸುಳ್ಳು ಹೇಳೀತೆ?” ಎಂದು ಪುಸ್ತಕವನ್ನು ಮುಚ್ಚತೊಡಗಿದರು. ನಾನೂ, “ಅವಸರದಲ್ಲಿ ಬರೆದಿರಬಹುದು” ಎಂದು ಸಮಾಧಾನದ ಮಾತನ್ನಾಡಿದೆನು. ಮಗಳು ಹುಟ್ಟಿದ ದಿನ ತಂದೆಯೊಬ್ಬನು ತನ್ನ ಕೈಯಾರೆ ಬರೆದುದನ್ನು, ಅವನು ಕಾಲವಾಗಿ ಎಷ್ಟೋ ವರ್ಷಗಳಾದ ಮೇಲೆ, ನಾವಿಬ್ಬರೂ ಸೇರಿ ಅರೆಗಳಿಗೆಯಲ್ಲಿ ಹುಸಿಮಾಡಿಬಿಟ್ಟೆವು.

ಆಗ ಹಿಂದಿನ ಬೆಂಚಿನ ಬಳಿ ಅತಿಥಿಗಳಿಗೆ ಪಾನಕ ಕೊಡುತ್ತಿದ್ದ ಭದ್ರಾವತಿಯ ಹುಡುಗಿಯು ಲೋಟಗಳ ತಟ್ಟೆಯನ್ನು ಕೆಳಗಿಟ್ಟು ಮುಂದೆ ಬಂದಳು. “ಮಿಸ್, ನನ್ನದರಲ್ಲಿ ಒಂದು ಸಲ ನೋಡಲೇ?” ಎಂದಳು. ಅವಳ ಲೆಕ್ಕವು ‘ಬುಧವಾರ’ ಎಂದಿತು. ಮುತ್ತಜ್ಜನವರು ಸರಿಯಾಗಿಯೇ ಬರೆದಿದ್ದರು.

ವಿಷಯವು ಇಷ್ಟೆ. ಸೂರ್ಯನನ್ನನುಸರಿಸಿದ ವರ್ಷಕ್ಕೆ ಸುಮಾರು 365.2422 ದಿನಗಳು. ನಾಲ್ಕು ವರ್ಷಗಳಿಗೊಂದು ದಿನವನ್ನು ಸೇರಿಸುತ್ತ ಹೋದರೆ ವರ್ಷಕ್ಕೆ 365.25 ದಿನಗಳಾಗಿ, ಶತಮಾನಗಳು ಕಳೆದಂತೆ ಲೆಕ್ಕವು ಋತುಗಳಿಂದ ಜಾರುವುದು. ಈ ದೋಷವನ್ನು 1582ರ ಸುಧಾರಣೆಯಲ್ಲಿ ತಿದ್ದಿದರು. ಶತಮಾನದ ವರ್ಷವು 400ರಿಂದ ನಿಶ್ಶೇಷವಾಗಿ ಭಾಗವಾದರೆ ಮಾತ್ರ ಅಧಿಕ ವರ್ಷ, ಇಲ್ಲವಾದರೆ ಸಾಮಾನ್ಯ ವರ್ಷ ಎಂದು ಗೊತ್ತಾಯಿತು. ಅದರಂತೆ 1600 ಮತ್ತು 2000 ಅಧಿಕ ವರ್ಷಗಳು. 1700, 1800, 1900 ಅಲ್ಲ. 2100 ಸಹ ಅಲ್ಲ. ಮೊದಲನೆಯವಳು ‘ನಾಲ್ಕರಿಂದ ಭಾಗವಾದರೆ ಸಾಕು’ ಎಂದು ಬರೆದಿದ್ದಳು. ಎಂದೂ ಬಾರದಿದ್ದ 1900ರ ಫೆಬ್ರವರಿ 29ನ್ನು ಅವಳ ಲೆಕ್ಕವು ಎಣಿಸಿದುದರಿಂದ, ಅದಕ್ಕೆ ಹಿಂದಿನ ತಾರೀಖುಗಳಲ್ಲಿ ಒಂದು ವಾರ ತಪ್ಪಿತು. 1900ರ ಮಾರ್ಚ್ 1ರಿಂದ 2100ರ ಫೆಬ್ರವರಿ 28ರವರೆಗೆ ಎರಡು ಲೆಕ್ಕಗಳಿಗೂ ಭೇದವೇ ಇಲ್ಲ. ಇಂದು ಬದುಕಿರುವ ಯಾರೊಬ್ಬರ ಜನ್ಮದಿನವನ್ನು ಕೊಟ್ಟು ನೋಡಿದರೂ ತಪ್ಪು ಹೊರಬೀಳದು. ನನ್ನ ದಾಖಲಾತಿ ಪುಸ್ತಕವು ಹತ್ತು ಪಟ್ಟು ದೊಡ್ಡದಾಗಿದ್ದರೂ ನಾನು ಅದೇ ತೀರ್ಪನ್ನೇ ಕೊಡುತ್ತಿದ್ದೆನು.

ಮೊದಲನೆಯ ಬಾಲಿಕೆಗೆ ಸಂಕಟವಾಗಬಾರದೆಂದು ಇಲ್ಲೊಂದು ಮಾತು ಹೇಳಬೇಕು. ಇದೇ ತಪ್ಪು ಲೋಕಪ್ರಸಿದ್ಧವಾದುದು. ಲೆಕ್ಕಪತ್ರಗಳಿಗಾಗಿ 1983ರಲ್ಲಿ ಬಂದ ಲೋಟಸ್ 1-2-3 ಎಂಬ ಪ್ರೋಗ್ರಾಮು 1900ನ್ನು ಅಧಿಕ ವರ್ಷವೆಂದು ಎಣಿಸಿತು. ಅದರ ಕಡತಗಳಿಗೆ ಹೊಂದಿಕೆಯಾಗಲೆಂದು ಎಕ್ಸೆಲ್ ಸಹ ಅದನ್ನೇ ಅನುಸರಿಸಿತು. ಇಂದಿಗೂ ಎಕ್ಸೆಲ್‌ನ ದಿನಗಣನೆಯಲ್ಲಿ 1900ರ ಫೆಬ್ರವರಿ 29 ಎಂಬ ಇಲ್ಲದ ದಿನಕ್ಕೆ ಒಂದು ಸಂಖ್ಯೆ ಮೀಸಲಾಗಿದೆ.

ಆ ಸಾಯಂಕಾಲ ರವೀಂದ್ರನಗರದ ಮನೆಗೆ ಹೋಗಿ ಕಾಫಿಯನ್ನೂ ಮುಟ್ಟದೆ ಕುಳಿತಿದ್ದಾಗ ನಮ್ಮ ತಂದೆಯವರು ಕಾರಣವನ್ನು ಕೇಳಿದರು. ಅವರು ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಲ್ಲಿ, ಎಂದರೆ ವಿಶ್ವೇಶ್ವರಯ್ಯನವರ ಪರಿಶ್ರಮದಿಂದ ರೂಪುಗೊಂಡು 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಆ ಕಾರ್ಖಾನೆಯಲ್ಲಿ, ಸರಕನ್ನು ತಪಾಸಣೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ನಡೆದುದನ್ನೆಲ್ಲ ಕೇಳಿ ಅವರೆಂದರು: “ನಾವೂ ಕೆಲವೇ ಸರಳುಗಳನ್ನು ಎಳೆದು ಮುರಿದು ನೋಡಿ, ಉಳಿದವಕ್ಕೆಲ್ಲ ಮುದ್ರೆ ಒತ್ತುತ್ತಿದ್ದೆವಮ್ಮ. ಎಲ್ಲವನ್ನೂ ಮುರಿದು ನೋಡಿದರೆ ಮಾರುವುದಕ್ಕೆ ಏನು ಉಳಿದೀತು? ಆದರೆ ಅವೆಲ್ಲ ಒಂದೇ ಕುಲುಮೆಯಿಂದ ಒಂದೇ ಸಲ ಹೊಯ್ದ ಉಕ್ಕು ಎಂಬುದು ನಮಗೆ ಮೊದಲೇ ಗೊತ್ತಿರುತ್ತಿತ್ತು. ನೀನು ಬೇರೆ ಬೇರೆ ಕುಲುಮೆಯ ಸರಳುಗಳಿಗೆ ಒಂದೇ ಮುದ್ರೆ ಒತ್ತಿದೆ.”

ಗಣಿತದಲ್ಲಿ ತರಬೇತಿ ಪಡೆದ ನನಗೆ ತಂದೆಯವರ ಮಾತಿನಿಂದ ಮರೆತಿದ್ದ ಪಾಠವೊಂದು ನೆನಪಿಗೆ ಬಂದಿತು. ಎರಡು ಲೆಕ್ಕಗಳೂ ಸರಳರೇಖೆಯ ಜಾತಿಯವೆಂದು ಮೊದಲೇ ತಿಳಿದಿದ್ದರೆ, ಎರಡು ಬೇರೆ ಬೇರೆ ಸಂಖ್ಯೆಗಳಲ್ಲಿ ಅವು ಕೂಡಿದರೆ ಸಾಕು. ಎಲ್ಲೆಲ್ಲಿಯೂ ಒಂದೇ ಆಗಿರುವುವು. ವರ್ಗಸಮೀಕರಣದ ಜಾತಿಯವಾದರೆ ಮೂರು ಸಂಖ್ಯೆಗಳು ಸಾಕು. ಜಾತಿಯೇ ತಿಳಿಯದಿದ್ದರೆ ಕೋಟಿ ಸಂಖ್ಯೆಗಳಲ್ಲಿ ಕೂಡಿದರೂ ಸಾಲದು. ಪರೀಕ್ಷೆಗೆ ಬಲವು ಬರುವುದು ಒಳಗಿನ ರಚನೆಯನ್ನು ಓದಿ ತಿಳಿದ ಮೇಲೆ. ನಾನು ಮಕ್ಕಳ ಬರಹವನ್ನು ಓದದೆ ಉತ್ತರಗಳನ್ನು ಮಾತ್ರ ಹೋಲಿಸಿದ್ದೆನು. ಓದಿದ್ದರೆ ಕೆಲಸವು ಎಷ್ಟು ಹಗುರವಾಗುತ್ತಿದ್ದಿತು! ಅಧಿಕ ವರ್ಷದ ನಿಯಮವು ಒಬ್ಬಳದರಲ್ಲಿ 4 ವರ್ಷಗಳಿಗೊಮ್ಮೆ, ಇನ್ನೊಬ್ಬಳದರಲ್ಲಿ 400 ವರ್ಷಗಳಿಗೊಮ್ಮೆ ಮರುಕಳಿಸುವುದು ಓದಿದೊಡನೆಯೇ ತಿಳಿಯುವುದು. ಆದುದರಿಂದ ಬೆನ್ನುಬೆನ್ನಿಗೆ 400 ವರ್ಷಗಳನ್ನು ಕೊಟ್ಟು ನೋಡಿದರೆ ಎಂದೆಂದಿಗೂ ಸಲ್ಲುವ ತೀರ್ಪು ದೊರೆಯುವುದು. ಹಾಗೆ ನೋಡಿದ್ದರೆ ಮೂರು ಕಡೆ ಉತ್ತರಗಳು ಬೇರೆಯಾಗುತ್ತಿದ್ದುವು.

ಹಾಗಾದರೆ ಯಾವ ಎರಡು ಫಂಕ್ಷನ್‌ಗಳನ್ನು ಕೊಟ್ಟರೂ ಅವು ಒಂದೇ ಹೌದೋ ಅಲ್ಲವೋ ಎಂದು ಹೇಳಬಲ್ಲ ಯಂತ್ರವೊಂದನ್ನು ಮಾಡಬಾರದೇಕೆ ಎಂದು ಕೇಳಬಹುದು. ಅಂತಹ ಯಂತ್ರವು ಇರಲಾರದು. ಒಂದು ಉದಾಹರಣೆಯನ್ನು ನೋಡಿರಿ. 2ಕ್ಕಿಂತ ದೊಡ್ಡದಾದ ಪ್ರತಿಯೊಂದು ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿರುವುದೆಂಬ ಊಹೆಯು ಗೋಲ್ಡ್‌ಬಾಖ್ ಎಂಬವರು 1742ರಲ್ಲಿ ಆಯ್ಲರ್ ಎಂಬ ಗಣಿತಜ್ಞರಿಗೆ ಬರೆದ ಪತ್ರದಿಂದ ಹುಟ್ಟಿದುದು. ಈಗ ಎರಡು ಫಂಕ್ಷನ್‌ಗಳನ್ನು ಬರೆಯೋಣ. ಮೊದಲನೆಯದು, ಕೊಟ್ಟ ಸಮಸಂಖ್ಯೆಯು ಅಂತಹ ಮೊತ್ತವಾಗುವುದೇ ಎಂದು ಹುಡುಕಿ ನೋಡಿ ‘ಹೌದು’ ಅಥವಾ ‘ಇಲ್ಲ’ ಎನ್ನುವುದು. ಎರಡನೆಯದು, ಏನನ್ನೂ ನೋಡದೆ ಯಾವಾಗಲೂ ‘ಹೌದು’ ಎನ್ನುವುದು. ಇವೆರಡೂ ಒಂದೇ ಏನು? 4ರ ಮುಂದೆ 18 ಸೊನ್ನೆಗಳನ್ನಿಟ್ಟರೆ ಆಗುವ ಸಂಖ್ಯೆಯವರೆಗೂ ವಿದ್ವಾಂಸರು ಗಣಕಯಂತ್ರಗಳಿಂದ ಪರೀಕ್ಷಿಸಿದ್ದಾರೆ. ಒಂದು ಕಡೆಯೂ ಭೇದವು ಕಾಣಲಿಲ್ಲ. ಆದರೂ ಇವೆರಡೂ ಒಂದೇ ಎಂದು ಯಾರೂ ಇದುವರೆಗೆ ಸಾಧಿಸಿ ತೋರಿಸಿಲ್ಲ. ನಾವು ಕೇಳಿದ ಯಂತ್ರವಿದ್ದಿದ್ದರೆ ಆ ಪ್ರಶ್ನೆಯು ಎಂದೋ ಬಗೆಹರಿಯುತ್ತಿದ್ದಿತು.

ಇದು ಇಂದಿನ ಯಂತ್ರಗಳ ಕೊರತೆ ಎಂದು ತಿಳಿಯಬಾರದು. ಕೊಟ್ಟ ಪ್ರೋಗ್ರಾಮು ಎಂದಾದರೂ ನಿಲ್ಲುವುದೋ, ಕೊನೆಯಿಲ್ಲದೆ ಓಡುತ್ತಲೇ ಇರುವುದೋ ಎಂಬುದನ್ನು ಎಲ್ಲ ಪ್ರೋಗ್ರಾಮುಗಳ ವಿಷಯದಲ್ಲಿಯೂ ಹೇಳಬಲ್ಲ ವಿಧಾನವೊಂದು ಇರಲಾರದೆಂದು ಇಂಗ್ಲೆಂಡಿನ ಅಲನ್ ಟ್ಯೂರಿಂಗ್ 1936ರಲ್ಲಿಯೇ ಸಾಧಿಸಿದರು. ಈಗ ಯಾವುದಾದರೊಂದು ಪ್ರೋಗ್ರಾಮನ್ನು ತೆಗೆದುಕೊಂಡು, ‘ಇಷ್ಟು ಹೆಜ್ಜೆಗಳೊಳಗೆ ಅದು ನಿಂತಿತೇ?’ ಎಂಬುದಕ್ಕೆ ಉತ್ತರ ಕೊಡುವ ಫಂಕ್ಷನ್ ಒಂದನ್ನೂ, ಯಾವಾಗಲೂ ‘ಇಲ್ಲ’ ಎನ್ನುವ ಫಂಕ್ಷನ್ ಒಂದನ್ನೂ ಪಕ್ಕಪಕ್ಕದಲ್ಲಿಡಿರಿ. ಆ ಪ್ರೋಗ್ರಾಮು ಎಂದೂ ನಿಲ್ಲದಿದ್ದರೆ ಮಾತ್ರ ಇವೆರಡೂ ಒಂದೇ. ಆದುದರಿಂದ ಸಮತ್ವವನ್ನು ತೀರ್ಮಾನಿಸುವ ಯಂತ್ರವಿದ್ದರೆ ಟ್ಯೂರಿಂಗ್ ಅವರು ಆಗದೆಂದು ಸಾಧಿಸಿದುದು ಆಗಿಬಿಡುವುದು. ಪ್ರೋಗ್ರಾಮುಗಳ ನಡತೆಯನ್ನು ಕುರಿತ ಇಂತಹ ಪ್ರಶ್ನೆಗಳಿಗೆಲ್ಲ ಸಲ್ಲುವಂತೆ ಈ ಮಾತನ್ನು ವಿಸ್ತರಿಸಿ 1953ರಲ್ಲಿ ಪ್ರಕಟಿಸಿದವರು ಹೆನ್ರಿ ಗಾರ್ಡನ್ ರೈಸ್.

ರೈಸ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮ ಜಿಲ್ಲೆಯವರಿಗೆ ಇನ್ನೊಬ್ಬ ರೈಸ್ ಅವರ ನೆನಪಾಗುವುದು. ಬೆಂಗಳೂರಿನಲ್ಲಿ ಮಿಷನರಿಯೊಬ್ಬರ ಮಗನಾಗಿ ಹುಟ್ಟಿ, ಮೈಸೂರು ಸೀಮೆಯ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಬಿ. ಎಲ್. ರೈಸ್ ಅವರೇ ಅವರು. ಶಿವಮೊಗ್ಗ ಜಿಲ್ಲೆಯ ಶಾಸನಗಳ ಮೊದಲ ಸಂಪುಟವನ್ನು ಅವರು 1902ರಲ್ಲಿ ಹೊರತಂದರು. ಅನೇಕ ಶಾಸನಗಳಲ್ಲಿ ಶಕವರ್ಷ, ಮಾಸ, ತಿಥಿಗಳೊಂದಿಗೆ ವಾರವನ್ನೂ ಕೆತ್ತಿರುವುದುಂಟು. ವಿದ್ವಾಂಸರು ಲೆಕ್ಕದಿಂದ ವಾರವನ್ನು ಕಂಡುಹಿಡಿದು ಕಲ್ಲಿನೊಡನೆ ಹೋಲಿಸಿ ನೋಡುವರು. ಕೂಡದಿದ್ದರೆ ಕೆತ್ತಿದವನು ತಪ್ಪಿರಬಹುದು, ಓದಿದವನು ತಪ್ಪಿರಬಹುದು, ಲೆಕ್ಕದ ಪದ್ಧತಿಯೇ ಬೇರೆಯಾಗಿದ್ದಿರಬಹುದು. ಮೂರನ್ನೂ ವಿಚಾರಿಸಿದ ಮೇಲಲ್ಲದೆ ಕಲ್ಲನ್ನು ಸುಳ್ಳೆನ್ನಲಾಗದು. ಬೈಬಲಿನ ಬಿಳಿಯ ಹಾಳೆಗೆ ನಾನು ಅಷ್ಟು ಮರ್ಯಾದೆಯನ್ನೂ ತೋರಿಸಲಿಲ್ಲವಲ್ಲಾ ಎಂದು ನಾಚಿಕೆಯಾಯಿತು.

ಪ್ರೋಗ್ರಾಮಿನ ಭಾಷೆಗಳನ್ನು ನಿರ್ಮಿಸಿದವರು ಈ ಕಷ್ಟವನ್ನು ಬಲ್ಲರು. ನಮ್ಮ ಮಕ್ಕಳು ಕಲಿಯುವ ಪೈಥಾನ್ ಭಾಷೆಯಲ್ಲಿ ಎರಡು ಫಂಕ್ಷನ್‌ಗಳು ಸಮವೇ ಎಂದು ಕೇಳಿದರೆ, ಅವೆರಡೂ ಯಂತ್ರದ ನೆನಪಿನಲ್ಲಿರುವ ಒಂದೇ ವಸ್ತುವಾಗಿದ್ದರೆ ಮಾತ್ರ ‘ಹೌದು’ ಎನ್ನುವುದು. ಅಕ್ಷರಕ್ಕೆ ಅಕ್ಷರ ಹೊಂದುವಂತೆ ಎರಡು ಸಲ ಬರೆದಿದ್ದರೂ ‘ಅಲ್ಲ’ ಎಂದೇ ಹೇಳುವುದು. ಹ್ಯಾಸ್ಕೆಲ್, ಸ್ಟ್ಯಾಂಡರ್ಡ್ ಎಂ.ಎಲ್. ಎಂಬ ಭಾಷೆಗಳು ಫಂಕ್ಷನ್‌ಗಳ ನಡುವೆ ಆ ಪ್ರಶ್ನೆಯನ್ನು ಕೇಳುವುದಕ್ಕೇ ಎಡೆಗೊಡುವುದಿಲ್ಲ. ಪ್ರೋಗ್ರಾಮು ಓಡುವುದಕ್ಕೆ ಮೊದಲೇ ಅದನ್ನು ತಿರಸ್ಕರಿಸುವುವು. ಉತ್ತರವನ್ನು ಕೊಡಲಾರೆನೆಂದು ತಿಳಿದು ಸುಮ್ಮನಿರುವ ಈ ನಡತೆಯನ್ನು ಉಪಾಧ್ಯಾಯಿನಿಯರಾದ ನಾವೂ ಕೆಲವು ವೇಳೆ ಅಭ್ಯಾಸ ಮಾಡುವುದು ಲೇಸು.

‘ಒಂದೇ’ ಎಂಬ ಮಾತು ಯಾವ ವಿಷಯದಲ್ಲಿ ಎಂಬುದನ್ನೂ ಕೇಳಬೇಕಾಗುವುದು. 2000ದಿಂದ 2400ರವರೆಗಿನ ದಿನಗಳನ್ನು ಒಂದೊಂದಾಗಿ ಎಣಿಸುವ ಲೆಕ್ಕವು 1,46,097 ಹೆಜ್ಜೆಗಳನ್ನು ಇಡಬೇಕು. ಬಲ್ಲವನು ಬರೆದ ಇನ್ನೊಂದು ಲೆಕ್ಕವು, ಅಷ್ಟು ದಿನಗಳೆಂದರೆ ಸರಿಯಾಗಿ 20,871 ವಾರಗಳು, ಶೇಷವೇನೂ ಇಲ್ಲ, ಆದುದರಿಂದ 2400ರ ಜನವರಿ 1 ಸಹ ಶನಿವಾರವೇ ಎಂದು ಕೂಡಲೇ ಹೇಳುವುದು. ಉತ್ತರದಲ್ಲಿ ಇವೆರಡೂ ಒಂದೇ. ದುಡಿಮೆಯಲ್ಲಿ ಒಂದೇ ಅಲ್ಲ. ಶಿವಮೊಗ್ಗದಿಂದ ಭದ್ರಾವತಿಗೆ ರೈಲಿನಲ್ಲಿ ಹೋದರೂ ಬಸ್ಸಿನಲ್ಲಿ ಹೋದರೂ ಸೇರುವ ಊರು ಒಂದೇ. ಪ್ರಯಾಣವು ಒಂದೇ ಎಂದು ಯಾರೂ ಹೇಳರು. ನಾನು ಓದಿದ ಶಾಲೆಯಲ್ಲಿ ಇಬ್ಬರು ಲೆಕ್ಕದ ಉಪಾಧ್ಯಾಯಿನಿಯರಿದ್ದರು. ಒಬ್ಬರು ಉತ್ತರವನ್ನು ನೋಡಿ ಅಂಕ ಕೊಡುತ್ತಿದ್ದರು. ಮತ್ತೊಬ್ಬರು ಮಾಡಿದ ಕ್ರಮವನ್ನು ನೋಡಿ ಕೊಡುತ್ತಿದ್ದರು. ಯಾರು ಸರಿ ಎಂದು ನಾವು ಮಕ್ಕಳು ಜಗಳವಾಡುತ್ತಿದ್ದೆವು. ಇಬ್ಬರೂ ಬೇರೆ ಬೇರೆ ಸಮತ್ವವನ್ನು ಅಳೆಯುತ್ತಿದ್ದರೆಂಬುದು ಈಗ ತಿಳಿದಿದೆ.

ಪ್ರದರ್ಶನವಾದ ಮರುದಿನ ಬೆಳಗಿನ ಪ್ರಾರ್ಥನೆಯ ಸಭೆಯಲ್ಲಿ, ಯಾವ ಮಕ್ಕಳ ಮುಂದೆ ನಗೆಯಾಡಿದ್ದೆನೋ ಅವರ ಮುಂದೆಯೇ, ನನ್ನ ತೀರ್ಪು ತಪ್ಪೆಂದೂ ಅದಕ್ಕೆ ಕ್ಷಮೆ ಬೇಡುತ್ತೇನೆಂದೂ ಹೇಳಿದೆನು. ಭದ್ರಾವತಿಯ ಹುಡುಗಿಗೆ ಬಹುಮಾನದ ಪುಸ್ತಕವನ್ನು ಕೊಟ್ಟೆನು. ಮೊದಲನೆಯವಳ ಪುಸ್ತಕವನ್ನು ಹಿಂದಕ್ಕೆ ಪಡೆಯಲಿಲ್ಲ. ತಪ್ಪು ಅವಳಿಗಿಂತ ಹೆಚ್ಚಾಗಿ ನನ್ನದಾಗಿದ್ದಿತು. ಅವಳು ತಾನಾಗಿಯೇ ಗೆಳತಿಯ ಬಳಿಗೆ ಹೋಗಿ ಆ ಮೂರು ಸಾಲುಗಳನ್ನು ಕೇಳಿ ಬರೆದುಕೊಂಡಳು. ಆದರೆ ಭದ್ರಾವತಿಯ ಹುಡುಗಿಯು ಸಾಯಂಕಾಲದ ಕೊಠಡಿಗೆ ಮತ್ತೆ ಬಂದದ್ದು ಎಷ್ಟೋ ವಾರಗಳ ತರುವಾಯ. ಒಂದು ನಗೆಮಾತಿಗೆ ಹೋದ ಧೈರ್ಯವು ಒಂದು ಕ್ಷಮಾಪಣೆಗೆ ತಟ್ಟನೆ ಹಿಂದಿರುಗಿ ಬರುವುದಿಲ್ಲವೆಂಬುದನ್ನು ನಾನು ಆಗ ಕಂಡೆನು.

ಪೋಷಕರು ಅಂಕಪಟ್ಟಿಯನ್ನು ಹಿಡಿದು, “ಆ ಹುಡುಗಿಗೂ ನಮ್ಮವಳಿಗೂ ಒಂದೇ ಅಂಕ, ಇಬ್ಬರೂ ಸಮ ತಾನೆ?” ಎಂದು ನನ್ನನ್ನು ಕೇಳುವುದುಂಟು. ಅಂಕಪಟ್ಟಿಯೂ ನನ್ನ ದಾಖಲಾತಿ ಪುಸ್ತಕದಂತೆಯೇ. ಕೆಲವು ತಾರೀಖುಗಳಲ್ಲಿ ನಾವು ಮಾಡಿ ನೋಡಿದ ಪರೀಕ್ಷೆಗಳು ಅದರಲ್ಲಿವೆ. ಹೆಚ್ಚಿನದೇನನ್ನೂ ಅದರಿಂದ ಹೇಳಲಾರೆನೆಂದು ಈಗ ಉತ್ತರ ಕೊಡುತ್ತೇನೆ.

ಆ ಮೇಜು ಈಗಲೂ ಪ್ರದರ್ಶನದಲ್ಲಿ ಇರುತ್ತದೆ. ಅದರ ಮೇಲೆ ಆ ಇಬ್ಬರು ಬಾಲಿಕೆಯರು ಕೂಡಿ ಬರೆದ ಒಂದು ಚೀಟಿಯನ್ನು ಅಂಟಿಸಿದ್ದೇವೆ: “ಈ ಲೆಕ್ಕವು 1582ರ ಅಕ್ಟೋಬರ್ 15ರಿಂದ ಈಚಿನ ಹೊಸ ಪದ್ಧತಿಯ ತಾರೀಖುಗಳಿಗೆ ಮಾತ್ರ. ಇಂಗ್ಲೆಂಡಿನವರು ಹೊಸ ಪದ್ಧತಿಗೆ ಬಂದದ್ದು 1752ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಹಿಂದಿನ ಅವರ ಪತ್ರಗಳಲ್ಲಿ ವಾರವು ಬೇರೆ ಇದ್ದೀತು.” ಎಲ್ಲಿಯವರೆಗೆ ತಮ್ಮ ಮಾತು ಸಲ್ಲುವುದೆಂದು ಮೊದಲೇ ಹೇಳಿಬಿಡುವ ಈ ಚೀಟಿಯ ಮೇಲೆ ನನಗೆ ಬಹಳ ಅಭಿಮಾನ.

ಕಡೆಯದಾಗಿ ಒಂದು ಬೇಡಿಕೆ. ನಿಮ್ಮ ಮನೆಗಳಲ್ಲಿ ಹಿರಿಯರು ತಾರೀಖನ್ನೂ ವಾರವನ್ನೂ ಜೊತೆಯಾಗಿ ಬರೆದಿಟ್ಟ ಹಳೆಯ ಪುಸ್ತಕವೋ ಪತ್ರವೋ ಇದ್ದರೆ ಮುಂದಿನ ಪ್ರದರ್ಶನಕ್ಕೆ ದಯವಿಟ್ಟು ತನ್ನಿರಿ. ಯಂತ್ರದ ಉತ್ತರವು ಅದಕ್ಕೆ ಹೊಂದದಿದ್ದರೆ ಪುಸ್ತಕವನ್ನು ಮುಚ್ಚಬೇಡಿರಿ. ನಮ್ಮ ಮಕ್ಕಳನ್ನು ಕರೆಯಿರಿ. ಅವರು ಮೊದಲು ತಮ್ಮ ಲೆಕ್ಕವನ್ನು ಓದಿ ನೋಡುವರು.

ಮುಖ್ಯೋಪಾಧ್ಯಾಯಿನಿ,
ರವೀಂದ್ರನಗರ, ಶಿವಮೊಗ್ಗ